ಮೂಗಿನ ದುರ್ಮಾಂಸ: ಕಾಯಿಲೆಯ ಬೇರು ಸೈನಸ್‌ಗಳಲ್ಲಿ

ಎಲ್ಲರಿಗೂ ನಮಸ್ಕಾರ.

ಮೂಗಿನಲ್ಲಿ ದುರ್ಮಾಂಸ ಬೆಳೆದಿದೆ ಎಂದು ವೈದ್ಯರು ಹೇಳಿದ ಕೂಡಲೇ ಮನೆಯವರು ಎರಡು ಮಾತು ಕೇಳುತ್ತಾರೆ. ‘ಅದನ್ನು ತೆಗೆಸಿಬಿಟ್ಟರೆ ಮುಗಿಯಿತಲ್ಲ?’ ಅನ್ನುವುದು ಒಂದು. ‘ತೆಗೆಸಿದರೂ ಮತ್ತೆ ಬೆಳೆಯುತ್ತಂತೆ, ಹಾಗಿದ್ದ ಮೇಲೆ ಯಾಕೆ ತೆಗೆಸಬೇಕು?’ ಅನ್ನುವುದು ಇನ್ನೊಂದು. ಎರಡಕ್ಕೂ ಉತ್ತರ ಬೇಕಾದರೆ ಮೂಗಿನ ಹೊಳ್ಳೆ ದಾಟಿ, ಸೈನಸ್‌ಗಳೊಳಗೆ ಏನಾಗಿದೆ ಎಂದು ನೋಡಬೇಕು. ದುರ್ಮಾಂಸ, ಅಂದರೆ ಪಾಲಿಪ್, ಎಲ್ಲಿಂದಲೋ ಬಂದು ಸೇರಿಕೊಂಡ ಗೆಡ್ಡೆಯಲ್ಲ. ಸೈನಸ್‌ನ ಒಳಪೊರೆಯೇ ಉರಿಯೂತದಿಂದ ನೀರು ತುಂಬಿ ಊದಿಕೊಂಡು, ತನ್ನ ಭಾರಕ್ಕೆ ತಾನೇ ಜೋತುಬಿದ್ದು ಮೂಗಿನೊಳಕ್ಕೆ ಇಳಿದಿರುತ್ತದೆ. ಕಣ್ಣಿಗೆ ಬಿದ್ದಷ್ಟನ್ನು ಕತ್ತರಿಸಿ, ಅದು ಹುಟ್ಟಿದ ಪೊರೆಯನ್ನು ಹಾಗೇ ಬಿಟ್ಟರೆ ಮತ್ತೆ ಬರದೆ ಇನ್ನೇನಾದೀತು?

ಮುಖದ ಎಲುಬುಗಳೊಳಗೆ ಗಾಳಿ ತುಂಬಿದ ನಾಲ್ಕು ಜೊತೆ ಪೊಳ್ಳುಗಳಿವೆ, ಇವೇ ಸೈನಸ್‌ಗಳು. ಕೆನ್ನೆಯೊಳಗಿನದು ಮ್ಯಾಕ್ಸಿಲರಿ ಸೈನಸ್. ದೊಡ್ಡವರಲ್ಲಿ ಸುಮಾರು 15 ಮಿಲಿಲೀಟರ್ ಹಿಡಿಸುವಷ್ಟು ಜಾಗ. ಹುಬ್ಬಿನ ಮೇಲಿನದು ಫ್ರಾಂಟಲ್. ಎರಡು ಕಣ್ಣುಗಳ ನಡುವೆ, ಮೂಗಿನ ಮೇಲ್ಭಾಗದ ಎರಡೂ ಬದಿಗೆ ಇರುವುದು ಎಥ್ಮಾಯ್ಡ್. ಇದು ಒಂದೇ ಕೋಣೆಯಾಗಿರದೆ ಸಣ್ಣ ಸಣ್ಣ ಗೂಡುಗಳ ಗುಂಪಾಗಿರುತ್ತದೆ. ಮುಂದಿನವು, ಹಿಂದಿನವು ಎಂದು ಎರಡು ಪಾಲು. ತಲೆಬುರುಡೆಯ ನಟ್ಟನಡುವೆ, ಮೂಗಿನ ತೀರಾ ಹಿಂದೆ ಇರುವುದು ಸ್ಫೀನಾಯ್ಡ್. ಇದರ ಪಕ್ಕದ ಗೋಡೆಗೆ ತಾಗಿಕೊಂಡೇ ದೃಷ್ಟಿ ನರವೂ ಮಿದುಳಿಗೆ ರಕ್ತ ಒಯ್ಯುವ ಕೆರೋಟಿಡ್ ರಕ್ತನಾಳವೂ ಹಾದುಹೋಗುತ್ತವೆ. ಹುಟ್ಟುವಾಗಲೇ ಇರುವುದು ಎಥ್ಮಾಯ್ಡ್ ಮತ್ತು ಕೆನ್ನೆಯ ಪುಟ್ಟ ಸೈನಸ್ ಮಾತ್ರ, ಉಳಿದವು ಮಗು ಬೆಳೆದಂತೆ ಬೆಳೆಯುತ್ತವೆ.

ಈ ಪೊಳ್ಳುಗಳ ಒಳಮೈಯೆಲ್ಲ ತೆಳುವಾದ ಲೋಳೆಯಿಂದ ಒದ್ದೆಯಾಗಿರುತ್ತದೆ. ಪೊರೆಯ ಮೇಲಿನ ಸೂಕ್ಷ್ಮ ರೋಮಗಳು ಸೆಕೆಂಡಿಗೆ 10ರಿಂದ 20 ಸಲ ಬಡಿಯುತ್ತಾ ಆ ಲೋಳೆಯನ್ನು ಹೊರದಾರಿಯ ಕಡೆಗೆ ತಳ್ಳುತ್ತಲೇ ಇರುತ್ತವೆ. ಕೆನ್ನೆಯ ಸೈನಸ್‌ನ ಬಾಯಿ ಇರುವುದು ಗೋಡೆಯ ಮೇಲ್ಭಾಗದಲ್ಲಿ. ಆದ್ದರಿಂದ ಲೋಳೆ ಕೆಳಗಿನಿಂದ ಮೇಲಕ್ಕೆ ಹತ್ತಿ ಹೊರಬರಬೇಕು, ರೋಮಗಳು ಅದನ್ನು ಹತ್ತಿಸುತ್ತವೆ. ಆಸ್ಟ್ರಿಯಾದ ಗ್ರಾತ್ಸ್ ನಗರದ ವೈದ್ಯ ವಾಲ್ಟರ್ ಮೆಸರ್‌ಕ್ಲಿಂಗರ್ ಈ ಹರಿವಿನ ದಾರಿಗಳನ್ನು, ಮೂಗಿನೊಳಕ್ಕೆ ತೂರಿಸಿ ನೋಡುವ ಸಪೂರ ಕೊಳವೆಯಾದ ಎಂಡೋಸ್ಕೋಪ್‌ನಲ್ಲಿ ನೋಡಿ ದಾಖಲಿಸಿದರು. ಕೆಳಭಾಗದಲ್ಲಿ ಬೇರೆ ತೂತು ಕೊರೆದುಕೊಟ್ಟರೂ ಲೋಳೆ ಅದನ್ನು ಬಳಸದೆ ಹುಟ್ಟಿನಿಂದ ಬಂದ ಬಾಯಿಯ ಕಡೆಗೇ ಹೋಗುತ್ತದೆ. ಹಳೆಯ ಕಾಲದ ಸೈನಸ್ ಆಪರೇಷನ್‌ಗಳು ಅಷ್ಟಾಗಿ ಫಲ ಕೊಡದಿರಲು ಇದೂ ಒಂದು ಕಾರಣ.

ಕೆನ್ನೆಯ ಸೈನಸ್, ಹಣೆಯ ಸೈನಸ್, ಎಥ್ಮಾಯ್ಡ್‌ನ ಮುಂದಿನ ಗೂಡುಗಳು ಈ ಮೂರೂ ಬಂದು ಸೇರುವುದು ಒಂದೇ ಇಕ್ಕಟ್ಟಾದ ಜಾಗಕ್ಕೆ. ಮೂಗಿನ ಪಕ್ಕದ ಗೋಡೆಯಲ್ಲಿ ಒಂದರ ಕೆಳಗೊಂದು ಇರುವ, ಸುರುಳಿ ಎಲುಬಿನ ಮಡಿಕೆಗಳಾದ ಟರ್ಬಿನೇಟ್‌ಗಳಲ್ಲಿ ನಡುವಿನದರ ಮರೆಯಲ್ಲಿ ಆ ಜಾಗವಿದೆ. ಅದಕ್ಕೆ ಆಸ್ಟಿಯೊಮಿಯೇಟಲ್ ಕಾಂಪ್ಲೆಕ್ಸ್ ಎಂದು ಹೆಸರು. ಎಥ್ಮಾಯ್ಡ್‌ನ ಹಿಂದಿನ ಗೂಡುಗಳಿಗೂ ಸ್ಫೀನಾಯ್ಡ್‌ಗೂ ಇನ್ನೂ ಮೇಲೆ, ಇನ್ನೂ ಹಿಂದೆ ಬೇರೆ ದಾರಿಗಳಿವೆ. ಮುಂದಿನ ಆ ಇಕ್ಕಟ್ಟಿನಲ್ಲಿ ಕೆಲವು ಮಿಲಿಮೀಟರ್ ಊತ ಬಂದರೆ ಸಾಕು, ಮೂರು ಸೈನಸ್‌ಗಳ ದಾರಿ ಒಟ್ಟಿಗೆ ಮುಚ್ಚುತ್ತದೆ. ಪಾಲಿಪ್‌ಗಳು ಸಾಮಾನ್ಯವಾಗಿ ಹುಟ್ಟುವುದೂ ಇದೇ ಜಾಗದಲ್ಲಿ, ಎಥ್ಮಾಯ್ಡ್‌ನ ಪೊರೆಯಿಂದ.

ಯಾವಾಗ ಇದನ್ನು ದೀರ್ಘಕಾಲದ ಸೈನಸೈಟಿಸ್ (ಸೈನಸ್‌ಗಳ ಉರಿಯೂತ) ಅನ್ನಬೇಕು?

ಮೂಗು ಕಟ್ಟುವುದು, ಸಿಂಬಳ ಮುಂದಕ್ಕೆ ಸುರಿಯುವುದು ಅಥವಾ ಹಿಂದೆ ಗಂಟಲಿಗೆ ಇಳಿಯುವುದು, ವಾಸನೆ ಕಡಿಮೆಯಾಗುವುದು, ಮುಖದಲ್ಲಿ ಭಾರ ಅಥವಾ ನೋವು. ಈ ನಾಲ್ಕರಲ್ಲಿ ಕನಿಷ್ಠ ಎರಡು, ಅದರಲ್ಲೂ ಮೊದಲ ಎರಡರಲ್ಲಿ ಒಂದಾದರೂ, 12 ವಾರ ಅಥವಾ ಅದಕ್ಕಿಂತ ಹೆಚ್ಚು ಕಾಲ ಇರಬೇಕು. ಜೊತೆಗೆ ಎಂಡೋಸ್ಕೋಪಿಯಲ್ಲೋ ಸಿ.ಟಿ. ಸ್ಕ್ಯಾನ್‌ನಲ್ಲೋ ಬದಲಾವಣೆ ಕಾಣಬೇಕು. ಬರಿಯ ಲಕ್ಷಣ ಕೇಳಿ ರೋಗ ತೀರ್ಮಾನ ಮಾಡಬಾರದು.

ಪಾಲಿಪ್ ಇರುವವರಲ್ಲಿ ಮುಂದೆ ನಿಲ್ಲುವ ತೊಂದರೆ ಮೂಗು ಕಟ್ಟುವುದು ಮತ್ತು ವಾಸನೆ ಹೋಗುವುದು. ತಲೆ ಸಿಡಿಯುವಂಥ ನೋವು ಇವರಲ್ಲಿ ಕಡಿಮೆ. ‘ನನಗೆ ಸೈನಸ್ ಇದೆ, ತಿಂಗಳಿಗೆ ನಾಲ್ಕು ಸಲ ಅರ್ಧ ತಲೆ ಹೊಡೆಯುತ್ತೆ, ಬೆಳಕು ನೋಡೋಕಾಗಲ್ಲ, ವಾಕರಿಕೆ ಬರುತ್ತೆ’ ಅನ್ನುವವರಲ್ಲಿ ಬಹುಪಾಲು ಜನಕ್ಕೆ ಇರುವುದು ಮೈಗ್ರೇನ್. ಅವರ ಸ್ಕ್ಯಾನ್‌ನಲ್ಲಿ ಸೈನಸ್‌ಗಳು ಚೊಕ್ಕವಾಗಿರುತ್ತವೆ. ಅವರಿಗೆ ಆ್ಯಂಟಿಬಯಾಟಿಕ್ ಮೇಲೆ ಆ್ಯಂಟಿಬಯಾಟಿಕ್ ಕೊಡುತ್ತಾ ಹೋಗುವುದು ನಿಜಕ್ಕೂ ನೋವಿನ ಸಂಗತಿ.

ವಾಸನೆಯ ವಿಷಯದಲ್ಲಿ ಒಂದು ಎಚ್ಚರಿಕೆ. ಅಡುಗೆ ಅನಿಲಕ್ಕೆ ತನ್ನದೇ ವಾಸನೆ ಇಲ್ಲ. ಸೋರಿದಾಗ ಗೊತ್ತಾಗಲೆಂದೇ ಮರ್‌ಕ್ಯಾಪ್ಟಾನ್ ಎಂಬ ನಾತದ ರಾಸಾಯನಿಕ ಬೆರೆಸಿರುತ್ತಾರೆ. ವಾಸನೆ ಹೋದವರಿಗೆ ಅದೂ ತಿಳಿಯುವುದಿಲ್ಲ. ಅಂಥವರೊಬ್ಬರೇ ಇರುವ ಮನೆಯಲ್ಲಿ ಗ್ಯಾಸ್ ಸೋರಿಕೆ ಪತ್ತೆಹಚ್ಚುವ ಅಲಾರಂ ಹಾಕಿಸಿ, ರಾತ್ರಿ ಸಿಲಿಂಡರ್‌ನ ರೆಗ್ಯುಲೇಟರ್ ಆಫ್ ಮಾಡುವುದನ್ನು ರೂಢಿಸಿಕೊಳ್ಳಿ. ಹಳಸಿದ ಸಾರು ಯಾವುದು, ಚೆನ್ನಾಗಿರುವುದು ಯಾವುದು ಎಂದು ಮನೆಯಲ್ಲಿ ಬೇರೆಯವರಿಂದ ನೋಡಿಸಿ.

ಎಂಡೋಸ್ಕೋಪ್‌ನಲ್ಲಿ ಪಾಲಿಪ್ ತೇವದಿಂದ ಹೊಳೆಯುತ್ತಾ, ಬೂದು ಬಣ್ಣಕ್ಕೆ ತಿರುಗಿ, ಸಿಪ್ಪೆ ಸುಲಿದ ದ್ರಾಕ್ಷಿಯಂತೆ ಕಾಣುತ್ತದೆ. ಸಲಾಕೆಯಿಂದ ಮುಟ್ಟಿದರೆ ಅಲ್ಲಾಡುತ್ತದೆ, ನೋವಾಗುವುದಿಲ್ಲ, ರಕ್ತವೂ ಬರುವುದಿಲ್ಲ. ಕನ್ನಡಿ ಮುಂದೆ ಟಾರ್ಚ್ ಬಿಟ್ಟುಕೊಂಡು ನೋಡಿ ‘ನನಗೂ ದುರ್ಮಾಂಸ ಇದೆ’ ಎಂದು ಗಾಬರಿಯಾಗುವವರು ಹೆಚ್ಚಾಗಿ ಕಂಡಿರುವುದು ಕೆಳಗಿನ ಟರ್ಬಿನೇಟನ್ನು. ಅದು ಗುಲಾಬಿ ಬಣ್ಣದ್ದು, ಮುಟ್ಟಿದರೆ ನೋಯುತ್ತದೆ, ಎಲ್ಲರಿಗೂ ಇರುತ್ತದೆ.

ಯಾವ ಸೈನಸ್ ಎಷ್ಟು ಕೆಟ್ಟಿದೆ: ಸಿ.ಟಿ. ಓದುವ ಬಗೆ

ಸೈನಸ್ ಸಿ.ಟಿ.ಗೆ ಸಾಮಾನ್ಯವಾಗಿ ಚುಚ್ಚುಮದ್ದಿನ ಬಣ್ಣ ಬೇಕಿಲ್ಲ. ಗಾಳಿ ಕಪ್ಪಗೆ, ಎಲುಬು ಬೆಳ್ಳಗೆ, ಊದಿದ ಪೊರೆ ಮತ್ತು ಲೋಳೆ ಬೂದಿಯಾಗಿ ಕಾಣುತ್ತವೆ. ಜೋರು ನೆಗಡಿ ಇರುವಾಗ ತೆಗೆಸಿದರೆ ಒಳ್ಳೆಯ ಸೈನಸ್ ಕೂಡ ಬೂದಿಯಾಗಿ ಕಂಡು ದಾರಿ ತಪ್ಪಿಸುತ್ತದೆ. ಹಾಗಾಗಿ ನೆಗಡಿ ಇಳಿದ ಮೇಲೆ, ಕೆಲವು ವಾರ ಸ್ಪ್ರೇ ಮತ್ತು ಉಪ್ಪುನೀರಿನ ಚಿಕಿತ್ಸೆ ಮಾಡಿದ ನಂತರ ಉಳಿದದ್ದನ್ನು ನೋಡುವುದು ಒಳ್ಳೆಯದು. ಕಣ್ಣಿಗೆ, ಮಿದುಳಿಗೆ ತೊಂದರೆಯ ಸೂಚನೆ ಇದ್ದರೆ ಮಾತ್ರ ಕಾಯುವ ಮಾತಿಲ್ಲ.

ವರದಿಯಲ್ಲಿ ‘ಲಂಡ್-ಮಕೈ ಸ್ಕೋರ್’ ಎಂದು ಒಂದು ಅಂಕಿ ಇರಬಹುದು. ಪ್ರತಿ ಬದಿಯಲ್ಲಿ ಮ್ಯಾಕ್ಸಿಲರಿ, ಎಥ್ಮಾಯ್ಡ್‌ನ ಮುಂಭಾಗ, ಎಥ್ಮಾಯ್ಡ್‌ನ ಹಿಂಭಾಗ, ಸ್ಫೀನಾಯ್ಡ್, ಫ್ರಾಂಟಲ್ ಈ ಐದಕ್ಕೆ ತಲಾ 0, 1 ಅಥವಾ 2 ಅಂಕ. ಪೂರ್ತಿ ಖಾಲಿ ಇದ್ದರೆ 0, ಅರೆಬರೆ ತುಂಬಿದ್ದರೆ 1, ಪೂರ್ತಿ ಮುಚ್ಚಿದ್ದರೆ 2. ಮೊದಲು ಹೇಳಿದ ಇಕ್ಕಟ್ಟಿನ ದಾರಿಗೆ ತೆರೆದಿದ್ದರೆ 0, ಮುಚ್ಚಿದ್ದರೆ 2. ನಡುವಿನ ಅಂಕ ಇಲ್ಲ. ಒಂದು ಬದಿಗೆ 12, ಎರಡೂ ಸೇರಿ 24. ಈ ಅಂಕಿಯನ್ನು ಪರೀಕ್ಷೆಯ ಫಲಿತಾಂಶದಂತೆ ನೋಡಿ ಕಂಗಾಲಾಗುವುದು ಬೇಡ. 18 ಇದ್ದವರು ಹೇಗೋ ಸುಧಾರಿಸಿಕೊಂಡು ಓಡಾಡುತ್ತಿರುತ್ತಾರೆ, 8 ಇದ್ದವರು ನಿದ್ದೆಯಿಲ್ಲದೆ ಒದ್ದಾಡುತ್ತಿರುತ್ತಾರೆ. ಇದು ಕಾಯಿಲೆಯ ಹರಹು ಹೇಳುತ್ತದೆ, ಸಂಕಟ ಎಷ್ಟೆಂದು ಹೇಳುವುದಿಲ್ಲ.

ಒಟ್ಟು ಅಂಕಿಗಿಂತ ಅದು ಎಲ್ಲೆಲ್ಲಿ ಹಂಚಿಕೊಂಡಿದೆ ಎಂಬುದು ಹೆಚ್ಚು ಮುಖ್ಯ, ನಿಜವಾದ ಸುಳಿವು ಅಲ್ಲಿದೆ. ಎರಡೂ ಬದಿಯ ಪಾಲಿಪ್‌ನಲ್ಲಿ ಎಥ್ಮಾಯ್ಡ್ ಹೆಚ್ಚುಕಡಿಮೆ ತಪ್ಪದೆ ಕೆಟ್ಟಿರುತ್ತದೆ. ಕೆನ್ನೆಯ ಸೈನಸ್‌ಗಿಂತ ಎಥ್ಮಾಯ್ಡ್ ಜಾಸ್ತಿ ತುಂಬಿದ್ದರೆ, ರಕ್ತದಲ್ಲಿ ಇಯೊಸಿನೊಫಿಲ್ ಎಂಬ ಬಿಳಿಕಣ ಏರಿದ್ದರೆ, ಮರುಕಳಿಸುವ ಸ್ವಭಾವದ ಕಾಯಿಲೆ ಇದು ಎಂಬ ಅನುಮಾನ ಬಲವಾಗುತ್ತದೆ. ಜಪಾನಿನ ವೈದ್ಯರು ಇದನ್ನೇ ಲೆಕ್ಕಕ್ಕೆ ಇಳಿಸಿದ್ದಾರೆ. ಎರಡೂ ಬದಿ ಇದ್ದರೆ 3 ಅಂಕ, ಪಾಲಿಪ್ ಇದ್ದರೆ 2, ಎಥ್ಮಾಯ್ಡ್‌ನ ನೆರಳು ಕೆನ್ನೆಯದಕ್ಕೆ ಸಮ ಅಥವಾ ಹೆಚ್ಚಿದ್ದರೆ 2. ರಕ್ತದ ಇಯೊಸಿನೊಫಿಲ್ ಶೇಕಡಾ 2 ದಾಟಿ 5ರವರೆಗೆ ಇದ್ದರೆ 4, 10ರವರೆಗೆ 8, ಅದನ್ನೂ ಮೀರಿದರೆ 10. ಒಟ್ಟು 11 ಮುಟ್ಟಿದರೆ ಇಯೊಸಿನೊಫಿಲ್ ಬಗೆಯ ಸೈನಸೈಟಿಸ್. ನಮ್ಮ ಕಡೆ ಹೊಟ್ಟೆಹುಳು ಮತ್ತಿತರ ಕಾರಣಕ್ಕೂ ಇಯೊಸಿನೊಫಿಲ್ ಏರುತ್ತದೆ, ಅದನ್ನು ಮರೆಯಬಾರದು. ತೆಗೆದ ಪಾಲಿಪನ್ನು ಪ್ರಯೋಗಾಲಯಕ್ಕೆ ಕಳಿಸಿದಾಗ ಅದರಲ್ಲಿ ಈ ಕಣ ಎಷ್ಟಿದೆ ಎಂದು ಎಣಿಸಿ ಬರೆಯುವಂತೆ ಕೇಳಬೇಕು. ‘ಇನ್‌ಫ್ಲಮೇಟರಿ ಪಾಲಿಪ್’ ಎಂದಷ್ಟೇ ಬರೆದ ವರದಿ ಮುಂದಿನ ಚಿಕಿತ್ಸೆಗೆ ಹೆಚ್ಚು ಸಹಾಯ ಮಾಡುವುದಿಲ್ಲ.

ಇನ್ನೊಂದು ಚಿತ್ರ ಭಾರತದಲ್ಲಿ ಆಗಾಗ ಕಾಣುವಂಥದ್ದು. ಸೈನಸ್ ತುಂಬ ಬೂದಿ, ಆ ಬೂದಿಯ ನಡುವೆ ಬೆಳ್ಳನೆಯ ಗೆರೆ, ಮಚ್ಚೆಗಳು. ಗೋಡೆ ತೆಳುವಾಗಿ ಕಣ್ಣಿನ ಗೂಡಿನ ಕಡೆಗೋ ಮಿದುಳಿನ ಕಡೆಗೋ ಉಬ್ಬಿರುತ್ತದೆ. ಇದು ಅಲರ್ಜಿಯ ಬಗೆಯ ಫಂಗಸ್ ಸೈನಸೈಟಿಸ್. ಫಂಗಸ್ ಇಲ್ಲಿ ಮಾಂಸದೊಳಕ್ಕೆ ನುಗ್ಗಿರುವುದಿಲ್ಲ. ಅದಕ್ಕೆ ದೇಹ ತೋರುವ ಅಲರ್ಜಿಯಿಂದ ಅಂಟು ಅಂಟಾದ, ಕಂದುಬಣ್ಣದ ಗಟ್ಟಿ ಲೋಳೆ ಕಟ್ಟಿಕೊಂಡಿರುತ್ತದೆ. ಹರೆಯದವರಲ್ಲಿ ಹೆಚ್ಚು, ಒಂದು ಕಣ್ಣು ಮುಂದಕ್ಕೆ ಬಂದಂತಾಗಿ ಆಸ್ಪತ್ರೆಗೆ ಬರುವುದೂ ಉಂಟು. ಆ ಲೋಳೆಯನ್ನು ಆಪರೇಷನ್ ಮಾಡಿ ಪೂರ್ತಿ ತೆಗೆಯದೆ ಔಷಧಿಯಿಂದ ಮಾತ್ರ ಗುಣವಾಗುವುದು ಕಷ್ಟ. 2021ರಲ್ಲಿ ಕೋವಿಡ್ ಜೊತೆ ಬಂದ ಕಪ್ಪು ಶಿಲೀಂಧ್ರಕ್ಕೂ ಇದಕ್ಕೂ ಸಂಬಂಧವಿಲ್ಲ. ಅದು ಸಕ್ಕರೆ ಕಾಯಿಲೆ ಹತೋಟಿ ತಪ್ಪಿದವರಲ್ಲಿ ದಿನಗಳಲ್ಲೇ ಮಾಂಸ, ಎಲುಬು ಕೊಳೆಸುವ ರೋಗ. ಕೆನ್ನೆ ಜೋಮು ಹಿಡಿಯುವುದು, ಅಂಗುಳಿನಲ್ಲಿ ಕಪ್ಪು ಕಲೆ, ಕಣ್ಣಿನ ಊತ ಅದರ ಗುರುತು.

ಒಂದೇ ಬದಿಯಲ್ಲಿದ್ದರೆ ಲೆಕ್ಕವೇ ಬೇರೆ. ಎಳೆಯರಲ್ಲಿ ಕೆನ್ನೆಯ ಸೈನಸ್‌ನಿಂದ ಹೊರಟು ಗಂಟಲ ಹಿಂದಕ್ಕೆ ಇಳಿಯುವ ಆಂಟ್ರೊಕೋಯನಲ್ ಪಾಲಿಪ್ ಇರಬಹುದು. ಸಿಂಬಳ ಕೆಟ್ಟ ನಾತ ಹೊಡೆಯುತ್ತಿದ್ದರೆ ಮೇಲಿನ ದವಡೆಹಲ್ಲಿನ ಬೇರಿನ ಸೋಂಕು ನೋಡಬೇಕು; ಹಲ್ಲು ಸರಿಪಡಿಸದೆ ಸೈನಸ್ ಸರಿಹೋಗದು. ಕರಾವಳಿ, ಕೇರಳ, ತಮಿಳುನಾಡಿನ ಕಡೆ ಕೆರೆ-ಹೊಂಡಗಳಲ್ಲಿ ಮೀಯುವವರಿಗೆ ಬರುವ ರೈನೊಸ್ಪೊರಿಡಿಯೋಸಿಸ್ ಕೆಂಪಗೆ, ಮೇಲೆ ಬಿಳಿ ಚುಕ್ಕೆಗಳಿಂದ ಕೂಡಿ, ಮುಟ್ಟಿದರೆ ರಕ್ತ ಸುರಿಸುತ್ತದೆ. ಅದನ್ನು ಬುಡಸಮೇತ ತೆಗೆದು ಬುಡವನ್ನು ಸುಡಬೇಕು. ಇನ್‌ವರ್ಟೆಡ್ ಪ್ಯಾಪಿಲೋಮ ಎಂಬ ಗೆಡ್ಡೆ ಮೇಲ್ನೋಟಕ್ಕೆ ಮಾಮೂಲಿ ಪಾಲಿಪ್‌ನಂತೆಯೇ ಇದ್ದು ಮುಂದೆ ಕ್ಯಾನ್ಸರಿಗೆ ತಿರುಗುವ ಸಾಧ್ಯತೆ ಇರುವಂಥದ್ದು. ಮಗುವಿನ ಮೂಗಿನಲ್ಲಿ ಒಂದು ಬದಿ ಉಬ್ಬು ಕಂಡರೆ ಮಿದುಳಿನ ಪೊರೆಯೇ ಕೆಳಗೆ ಜಾರಿರಬಹುದು. ಸ್ಕ್ಯಾನ್ ಮಾಡದೆ ಅದಕ್ಕೆ ಸೂಜಿ, ಕತ್ತರಿ ತಾಗಿಸಲೇಬಾರದು. ಮಕ್ಕಳಲ್ಲಿ ಎರಡೂ ಬದಿ ಪಾಲಿಪ್ ಇದ್ದರೆ ಸಿಸ್ಟಿಕ್ ಫೈಬ್ರೋಸಿಸ್ ಎಂಬ ಹುಟ್ಟಿನಿಂದ ಬರುವ ಕಾಯಿಲೆ ಇದೆಯೇ ಎಂದು ಪರೀಕ್ಷಿಸಬೇಕು.

ದಿನವೂ ಮನೆಯಲ್ಲಿ ಮಾಡಬೇಕಾದದ್ದು

ಚಿಕಿತ್ಸೆಯ ಬುನಾದಿ ಉಪ್ಪುನೀರಿನ ತೊಳೆತ ಮತ್ತು ಸ್ಟಿರಾಯ್ಡ್ ಸ್ಪ್ರೇ. ಎರಡೂ ಅಗ್ಗ, ಎರಡನ್ನೂ ಜನ ತಪ್ಪಾಗಿ ಮಾಡಿ ‘ಪ್ರಯೋಜನ ಇಲ್ಲ’ ಅನ್ನುತ್ತಾರೆ. ಅದಕ್ಕೇ ಇಲ್ಲಿ ಸ್ವಲ್ಪ ನಿಂತು ಹೇಳಬೇಕು.

ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು, ಅಂದರೆ ಸುಮಾರು ಒಂದೂವರೆ ಮಟ್ಟಸ ಟೀ ಚಮಚ. ಉರಿ ಕಡಿಮೆಯಾಗಲು ಅರ್ಧ ಚಮಚ ಅಡುಗೆ ಸೋಡಾ. ಅಳತೆಯ ತಾಪತ್ರಯ ಬೇಡವೆಂದರೆ ಔಷಧಿ ಅಂಗಡಿಯ ಪೊಟ್ಟಣ ತನ್ನಿ, ಅದರ ಮೇಲೆ ಹೇಳಿದಷ್ಟೇ ನೀರಿಗೆ ಹಾಕಿ. ಉಪ್ಪೇ ಹಾಕದ ಬರಿ ನೀರು ಮೂಗನ್ನು ಸುಡುತ್ತದೆ. ನೀರು ಕೊತಕೊತ ಕುದಿದು ಒಂದು ನಿಮಿಷವಾದರೂ ಕಳೆದಿರಬೇಕು, ಆಮೇಲೆ ಮುಚ್ಚಿಟ್ಟು ಉಗುರುಬೆಚ್ಚಗೆ ಆರಿಸಬೇಕು. ನಲ್ಲಿ, ಬಾವಿ, ಬೋರ್‌ವೆಲ್, ಫಿಲ್ಟರ್ ಯಾವ ನೀರಾದರೂ ಕುದಿಸದೆ ಮೂಗಿಗೆ ಹಾಕಬಾರದು. ಕೇರಳದಲ್ಲಿ 2024ರಲ್ಲಿ ಮಕ್ಕಳ ಜೀವ ತೆಗೆದ ಮಿದುಳಿನ ಅಮೀಬಾ ಸೋಂಕು ಒಳಹೊಕ್ಕದ್ದು ಮೂಗಿನ ಮೂಲಕವೇ. ಕುಡಿದರೆ ಏನೂ ಮಾಡದ ಆ ಅಮೀಬಾ ಮೂಗಿನ ಮೇಲ್ಭಾಗ ಮುಟ್ಟಿದರೆ ಮಿದುಳಿಗೆ ಏರುತ್ತದೆ. ಜಲನೇತಿ ಮಾಡುವವರಿಗೂ ಇದೇ ನಿಯಮ.

ಸಿಂಕಿನ ಮೇಲೆ ಮುಂದಕ್ಕೆ ಬಾಗಿ, ಬಾಯಿ ತೆರೆದು, ಬಾಯಿಂದಲೇ ಉಸಿರಾಡುತ್ತಾ 240 ಮಿಲಿಲೀಟರ್ ಬಾಟಲಿಯನ್ನು ಮೆಲ್ಲಗೆ ಅದುಮಿ. ಅರ್ಧ ಒಂದು ಹೊಳ್ಳೆಗೆ, ಅರ್ಧ ಇನ್ನೊಂದಕ್ಕೆ. ಮೂಗು ಪೂರ್ತಿ ಕಟ್ಟಿದ್ದು ನೀರು ಆಚೆ ಬರದಿದ್ದರೆ ಬಲವಂತ ಮಾಡಬೇಡಿ, ಕಿವಿಗೆ ನುಗ್ಗಿ ನೋವಾಗುತ್ತದೆ. ಮುಗಿದ ಮೇಲೆ ತಲೆ ಬಗ್ಗಿಸಿ ಉಳಿದ ನೀರನ್ನು ಇಳಿಸಿ. ಎರಡೂ ಹೊಳ್ಳೆ ಹಿಡಿದು ಜೋರಾಗಿ ಸೀದಬೇಡಿ. ಬಾಟಲಿಯನ್ನು ಪ್ರತಿ ಸಲ ತೊಳೆದು ಒಣಗಿಸಿ.

ಹತ್ತು ಹದಿನೈದು ನಿಮಿಷ ಬಿಟ್ಟು ಸ್ಪ್ರೇ. ತಲೆ ಸ್ವಲ್ಪ ಮುಂದಕ್ಕೆ ಬಾಗಿರಲಿ. ಬಲ ಹೊಳ್ಳೆಗೆ ಎಡಗೈ, ಎಡ ಹೊಳ್ಳೆಗೆ ಬಲಗೈ ಬಳಸಿ. ಆಗ ತುದಿ ತಾನಾಗಿ ಹೊರಗೋಡೆಯ ಕಡೆ, ಅಂದರೆ ಕಣ್ಣಿನ ಹೊರ ಮೂಲೆಯ ಕಡೆ ತಿರುಗುತ್ತದೆ. ನಡುಗೋಡೆಗೆ ಹೊಡೆದರೆ ಔಷಧಿ ವ್ಯರ್ಥ, ಜೊತೆಗೆ ಅಲ್ಲಿ ಒಣಗಿ ರಕ್ತ ಬರುತ್ತದೆ. ಜೋರಾಗಿ ಸೇದಿದರೆ ಎಲ್ಲವೂ ಗಂಟಲಿಗೆ ಹೋಗುತ್ತದೆ, ಗಂಟಲಲ್ಲಿ ಕಹಿ ಬಂದರೆ ಹಾಗಾಗಿದೆ ಎಂದರ್ಥ. ಪಾಲಿಪ್‌ಗೆ ಮೊಮೆಟಾಸೋನ್ ಎಂಬ ಸ್ಟಿರಾಯ್ಡ್ ಸ್ಪ್ರೇಯ ಪ್ರಮಾಣ ಅಲರ್ಜಿ ನೆಗಡಿಗಿಂತ ಹೆಚ್ಚು: ದೊಡ್ಡವರಿಗೆ ಸಾಮಾನ್ಯವಾಗಿ 50 ಮೈಕ್ರೋಗ್ರಾಮಿನ ಎರಡೆರಡು ಸಿಂಪಡಿಕೆ ಪ್ರತಿ ಹೊಳ್ಳೆಗೆ, ದಿನಕ್ಕೆ ಎರಡು ಬಾರಿ. ಪರಿಣಾಮ ಕಾಣಲು ವಾರಗಳೇ ಬೇಕು. ನಾಲ್ಕು ದಿನ ಹಾಕಿ ಮೂಲೆಗಿಡುವ ಔಷಧಿ ಇದಲ್ಲ. ತಕ್ಷಣ ಮೂಗು ಬಿಡಿಸುವ ಕ್ಸೈಲೊಮೆಟಜೋಲಿನ್, ಆಕ್ಸಿಮೆಟಜೋಲಿನ್ ಹನಿಗಳು ಬೇರೆ ಜಾತಿ. ಅವನ್ನು ಐದು ದಿನ ಮೀರಿ ಹಾಕಿದರೆ ಮೂಗು ಅವಿಲ್ಲದೆ ಬಿಡಿಸಿಕೊಳ್ಳದ ಸ್ಥಿತಿಗೆ ಬರುತ್ತದೆ.

ಸ್ಟಿರಾಯ್ಡ್ ಮಾತ್ರೆ ಪಾಲಿಪನ್ನು ವಾರದಲ್ಲೇ ಕುಗ್ಗಿಸಿ ವಾಸನೆ ಮರಳಿಸುತ್ತದೆ. ಆ ಸುಖ ಕಂಡವರು ಹಳೆಯ ಚೀಟಿ ತೋರಿಸಿ ಅಂಗಡಿಯಿಂದ ಮತ್ತೆ ಮತ್ತೆ ತರುವುದೇ ಅಪಾಯ. ಸಕ್ಕರೆ ಏರುತ್ತದೆ, ಎಲುಬು ಸವೆಯುತ್ತದೆ, ಕಣ್ಣಿಗೆ ಪೊರೆ ಬರುತ್ತದೆ. ವರ್ಷಕ್ಕೆ ಒಂದು, ಹೆಚ್ಚೆಂದರೆ ಎರಡು ಸಣ್ಣ ಕೋರ್ಸ್‌ಗೆ ನಿಲ್ಲಬೇಕು. ಅದಕ್ಕಿಂತ ಹೆಚ್ಚು ಬೇಕಾಗುತ್ತಿದ್ದರೆ ಚಿಕಿತ್ಸೆಯ ದಾರಿಯನ್ನೇ ಬದಲಿಸುವ ಹೊತ್ತು ಬಂದಿದೆ.

ಆಪರೇಷನ್ ಏನನ್ನು ಮಾಡುತ್ತದೆ?

1985ರಲ್ಲಿ ಅಮೆರಿಕದ ಡೇವಿಡ್ ಕೆನಡಿ ‘ಫಂಕ್ಷನಲ್ ಎಂಡೋಸ್ಕೋಪಿಕ್ ಸೈನಸ್ ಸರ್ಜರಿ’ ಎಂದು ಕರೆದ ವಿಧಾನವೇ ಇವತ್ತಿನ ಆಪರೇಷನ್. ಮುಖದ ಮೇಲೆ ಗಾಯವಿಲ್ಲ, ಎಲ್ಲವೂ ಹೊಳ್ಳೆಯ ಮೂಲಕ. ಮೊದಲು ಪಾಲಿಪ್ ತೆಗೆದು, ಅನ್ಸಿನೇಟ್ ಎಂಬ ಕುಡುಗೋಲಿನಾಕಾರದ ಚಿಕ್ಕ ಎಲುಬನ್ನು ಪೂರ್ತಿ ತೆಗೆದು, ಕೆನ್ನೆಯ ಸೈನಸ್‌ನ ಹುಟ್ಟುಬಾಯನ್ನೇ ಅಗಲಿಸುತ್ತಾರೆ. ಅನ್ಸಿನೇಟ್‌ನ ತುಂಡು ಉಳಿದು ಬೇರೆಡೆ ತೂತಾದರೆ ಲೋಳೆ ಒಂದರಿಂದ ಹೊರಬಂದು ಇನ್ನೊಂದರಿಂದ ಒಳಹೋಗಿ ಸುತ್ತುತ್ತಲೇ ಇರುತ್ತದೆ. ಎರಡನೇ ಸಲ ಆಪರೇಷನ್ ಬೇಕಾಗಲು ಇದು ಪದೇ ಪದೇ ಕಾಣುವ ಕಾರಣ. ನಂತರ ಎಥ್ಮಾಯ್ಡ್‌ನ ಮುಂದಿನ, ಹಿಂದಿನ ಗೂಡುಗಳನ್ನು ಒಂದಾಗಿಸಿ, ಬೇಕಾದರೆ ಸ್ಫೀನಾಯ್ಡ್, ಕೊನೆಗೆ ಹಣೆಯ ಸೈನಸ್‌ನ ದಾರಿ. ಹಣೆಯದು ಅತ್ಯಂತ ನಾಜೂಕು. ಅಲ್ಲಿ ಪೊರೆ ಸುತ್ತಲೂ ಕಿತ್ತರೆ ಗಾಯ ಮಾಯುವಾಗ ದಾರಿ ಕಿರಿದಾಗಿ ಮುಚ್ಚಿಹೋಗುತ್ತದೆ.

ಎಥ್ಮಾಯ್ಡ್‌ನ ಹೊರಗೋಡೆ ಮಿಲಿಮೀಟರಿಗಿಂತ ತೆಳು, ಅದರಾಚೆ ಕಣ್ಣು. ಮೇಲ್ಛಾವಣಿಯಾಚೆ ಮಿದುಳು. ವಾಸನೆಯ ನರಗಳು ಇಳಿಯುವ ಎಲುಬಿನ ತಗ್ಗು ಕೆಲವರಲ್ಲಿ 1ರಿಂದ 3 ಮಿಲಿಮೀಟರ್ ಇದ್ದರೆ ಕೆಲವರಲ್ಲಿ 8ರಿಂದ 16. ಆಳ ಹೆಚ್ಚಿದಷ್ಟೂ ಅಪಾಯ ಹೆಚ್ಚು. ಹಿಂದಿನ ಗೂಡೊಂದು ಸ್ಫೀನಾಯ್ಡ್ ಮೇಲೆ ಚಾಚಿಕೊಂಡಿದ್ದರೆ ದೃಷ್ಟಿ ನರ ಅದರೊಳಗೇ ಉಬ್ಬಿರಬಹುದು. ಇದನ್ನೆಲ್ಲ ಸರ್ಜನ್ ಸಿ.ಟಿ.ಯಲ್ಲಿ ಮೊದಲೇ ಗುರುತಿಸಿಕೊಳ್ಳುತ್ತಾರೆ. ಕಣ್ಣಿಗೆ ಪೆಟ್ಟು, ಮಿದುಳಿನ ನೀರು ಸೋರಿಕೆ, ಭಾರಿ ರಕ್ತಸ್ರಾವದಂಥ ದೊಡ್ಡ ತೊಡಕುಗಳು ಸುಮಾರು ನೂರರಲ್ಲಿ ಒಬ್ಬರಿಗೆ ಆಗುವಂಥವು.

ಆಪರೇಷನ್ ಆದ ಮೇಲೂ ಪಾಲಿಪ್ ಬರುವುದುಂಟು. ಒಂದೂವರೆ ವರ್ಷದೊಳಗೆ ಹತ್ತರಲ್ಲಿ ನಾಲ್ವರಿಗೆ ಎಂಡೋಸ್ಕೋಪ್‌ನಲ್ಲಿ ಮತ್ತೆ ಕಂಡ ಅಧ್ಯಯನವಿದೆ. ಹಾಗಾದರೆ ಲಾಭವೇನು? ತೆರೆಯದ ಸೈನಸ್‌ನೊಳಕ್ಕೆ ಸ್ಪ್ರೇಯಾಗಲಿ ನೀರಾಗಲಿ ಹೆಚ್ಚುಕಡಿಮೆ ಹೋಗುವುದೇ ಇಲ್ಲ. ಬಾಯಿ ಸುಮಾರು 4 ಮಿಲಿಮೀಟರ್ ಆದರೂ ತೆರೆದಿದ್ದರೆ ಮಾತ್ರ ತೊಳೆಯುವ ನೀರು ಒಳಸೇರುತ್ತದೆ. ಕೆಟ್ಟ ಪೊರೆಗೆ ಔಷಧಿ ತಲುಪಿಸುವ ದಾರಿಯನ್ನು ಆಪರೇಷನ್ ಮಾಡಿಕೊಡುತ್ತದೆ. ಆಮೇಲೆ ತೊಳೆಯುವ ಉಪ್ಪುನೀರಿಗೇ ಬುಡೆಸೊನೈಡ್ ಎಂಬ ಸ್ಟಿರಾಯ್ಡ್ ಬೆರೆಸಲು ವೈದ್ಯರು ಹೇಳುವುದು ಇದಕ್ಕೇ. ಆಪರೇಷನ್ ಮಾಡಿಸಿ ತೊಳೆಯುವುದನ್ನು ಬಿಟ್ಟವರ ಹಣ, ನೋವು ಎರಡೂ ನೀರುಪಾಲು. ಮೊದಲ ಒಂದೆರಡು ವಾರ ಮೂಗು ಸೀದಬಾರದು, ಸೀನು ಬಂದರೆ ಬಾಯಿ ತೆರೆದು ಸೀನಬೇಕು. ಒಳಗಿನ ಹಕ್ಕಳೆ ತೆಗೆಸಲು ಹೇಳಿದ ದಿನ ತಪ್ಪಿಸಬಾರದು.

ದಮ್ಮು ಮತ್ತು ಪಾಲಿಪ್ ಎರಡೂ ಇರುವವರು ಇನ್ನೊಂದು ವಿಷಯ ಗಮನಿಸಿ. ಮೈಕೈ ನೋವಿಗೆ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ನುಂಗಿದ ಅರ್ಧ ಗಂಟೆಯಿಂದ ಮೂರು ಗಂಟೆಯೊಳಗೆ ಮೂಗು ಕಟ್ಟಿ, ಕಣ್ಣು ಕೆಂಪಾಗಿ, ಉಬ್ಬಸ ಬಂದಿದೆಯೇ? ಬಂದಿದ್ದರೆ ಆ ಗುಂಪಿನ ಮಾತ್ರೆಗಳಿಂದ ಜೀವಕ್ಕೇ ಅಪಾಯವಾಗಬಹುದು. ಪ್ಯಾರಾಸಿಟಮಾಲ್ 500 ಮಿಲಿಗ್ರಾಂ ಸಾಮಾನ್ಯವಾಗಿ ತೊಂದರೆ ಕೊಡದು. ಹಲ್ಲು ಕೀಳಿಸುವ ಮುನ್ನವೂ ದಂತವೈದ್ಯರಿಗೆ ಇದನ್ನು ಹೇಳಿ. ಪಾಲಿಪ್ ಅತಿ ಬೇಗ ಮರುಕಳಿಸುವವರ ಸಾಲಿನಲ್ಲಿ ಇವರು ಮುಂದಿರುತ್ತಾರೆ.

ಇಷ್ಟೆಲ್ಲ ಮಾಡಿಯೂ ಹತೋಟಿಗೆ ಬಾರದವರಿಗೆ ಉರಿಯೂತದ ಸಂಕೇತವನ್ನೇ ತಡೆಯುವ ಚುಚ್ಚುಮದ್ದುಗಳು ಬಂದಿವೆ. ಡುಪಿಲುಮ್ಯಾಬ್‌ಗೆ ಈ ಕಾಯಿಲೆಗೆಂದು ಅಮೆರಿಕದಲ್ಲಿ 2019ರಲ್ಲಿ ಒಪ್ಪಿಗೆ ಸಿಕ್ಕಿತು. 300 ಮಿಲಿಗ್ರಾಂ, ಎರಡು ವಾರಕ್ಕೊಮ್ಮೆ ಚರ್ಮದಡಿಗೆ. ಹಿಂದೆಯೇ ಒಮಾಲಿಜುಮ್ಯಾಬ್, ಮೆಪೊಲಿಜುಮ್ಯಾಬ್ ಬಂದವು. ವಾಸನೆ ಮರಳುವುದು ಇವುಗಳ ದೊಡ್ಡ ಕೊಡುಗೆ. ಬೆಲೆ ನಮ್ಮ ಬಹುಪಾಲು ಕುಟುಂಬಗಳ ಕೈಗೆಟುಕದು, ನಿಲ್ಲಿಸಿದರೆ ಕಾಯಿಲೆ ಮರಳಬಹುದು. ಹಾಗಾಗಿ ಸರಿಯಾದ ಆಪರೇಷನ್ ಆಗಿಯೂ ತೊಂದರೆ ಉಳಿದವರು, ದಮ್ಮು ಜೊತೆಗಿರುವವರು, ಸ್ಟಿರಾಯ್ಡ್ ಮಾತ್ರೆ ಬಿಡಲಾಗದವರು ಮೊದಲು ಇದರ ಬಗ್ಗೆ ಯೋಚಿಸಬಹುದು.

ಕಣ್ಣು ಊದುವುದು, ಒಂದು ಎರಡಾಗಿ ಕಾಣುವುದು, ದೃಷ್ಟಿ ಮಂಜಾಗುವುದು, ಹಣೆ ಉಬ್ಬುವುದು, ಜ್ವರದೊಂದಿಗೆ ಕತ್ತು ಬಿಗಿಯುವುದು, ಬಗ್ಗಿದಾಗ ಒಂದೇ ಹೊಳ್ಳೆಯಿಂದ ತಿಳಿನೀರು ತೊಟ್ಟಿಕ್ಕುವುದು, ಒಂದೇ ಬದಿಯಿಂದ ಪದೇ ಪದೇ ರಕ್ತ ಬರುವುದು: ಇವಕ್ಕೆ ನಾಳೆ ಎನ್ನದೆ ಅಂದೇ ಆಸ್ಪತ್ರೆಗೆ ಹೋಗಿ. ಮಾಮೂಲಿ ಭೇಟಿಗೆ ಹೋಗುವಾಗ ಹಳೆಯ ಸ್ಕ್ಯಾನ್‌ನ ಸಿ.ಡಿ. (ವರದಿಯ ಕಾಗದವೊಂದೇ ಸಾಲದು), ಹಿಂದಿನ ಆಪರೇಷನ್‌ನ ಟಿಪ್ಪಣಿ, ಬಯಾಪ್ಸಿ ವರದಿ, ಈಗ ಹಾಕುತ್ತಿರುವ ಸ್ಪ್ರೇ ಬಾಟಲಿ ಜೊತೆಯಲ್ಲಿರಲಿ. ಬಾಟಲಿ ಹಿಡಿದು ಹೇಗೆ ಹೊಡೆದುಕೊಳ್ಳುತ್ತೀರಿ ಎಂದು ವೈದ್ಯರೆದುರೇ ಒಮ್ಮೆ ಮಾಡಿ ತೋರಿಸಿ.